ಶಾಲು, ಫಲಕ ಮುಗಿದ ಮೇಲೆ ಎಂಟು ನಿಮಿಷ

ಕಳೆದ ಏಪ್ರಿಲ್ 11ಕ್ಕೆ ಮುಂಬೈ ಉಪನಗರದ ಒಂದು ಸಭಾಂಗಣದಲ್ಲಿ ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಮಾತಾಡಲು ಕರೆದಿದ್ದರು. ಅದು ವಿಶ್ವ ಪಾರ್ಕಿನ್ಸನ್ ದಿನ. 1817ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬರೆದಿಟ್ಟ ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ ದಿನ. ಪ್ರಾರ್ಥನೆ ಆಯಿತು, ದೀಪ ಬೆಳಗಿದ್ದಾಯಿತು, ಏಳು ಜನಕ್ಕೆ ಶಾಲು ಹೊದಿಸಿ ಫಲಕ ಕೊಟ್ಟಿದ್ದಾಯಿತು. ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ ನನ್ನ ಪಾಲಿಗೆ ಉಳಿದದ್ದು ಎಂಟು ನಿಮಿಷ. ಅಷ್ಟರಲ್ಲಿ ಹಿಂದಿನಿಂದ ಉಪ್ಪಿಟ್ಟಿನ ಘಮ ಬರಲು ಶುರುವಾಗಿತ್ತು. ಯಾರು ಕೇಳ್ತಾರೆ ಹೇಳಿ?

ನಾವು ಸ್ವಯಂಸೇವಕರು ಸೆರಗಿಗೆ ಟುಲಿಪ್ ಹೂವಿನ ಬ್ಯಾಡ್ಜ್ ಸಿಕ್ಕಿಸಿಕೊಂಡಿದ್ದೆವು. ಜಗತ್ತಿನಾದ್ಯಂತ ಈ ಕಾಯಿಲೆಯ ಗುರುತು ಅದು. ಮುಂದಿನ ಸಾಲಿನ ಹಿರಿಯರೊಬ್ಬರು, "ಇದು ಯಾವ ಪಕ್ಷದ ಚಿಹ್ನೆ ಅಮ್ಮಾ?" ಅಂದರು. ಅವರ ತಪ್ಪೇನಿಲ್ಲ, ನಮ್ಮಲ್ಲಿ ಟುಲಿಪ್ ನೋಡಿದವರು ಎಷ್ಟು ಜನ! ಆ ಬ್ಯಾಡ್ಜ್ ಈಗ ಡ್ರಾಯರ್‌ನಲ್ಲಿದೆ.

ನಾನು ಈ ಕೆಲಸಕ್ಕೆ ಇಳಿದದ್ದು ನಮ್ಮ ಅಪ್ಪಯ್ಯನಿಂದ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು, ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ 31 ವರ್ಷ ಕೂತವರು. ಅವರ ಲೆಕ್ಕದ ಪುಸ್ತಕಗಳು ಇನ್ನೂ ನನ್ನ ಹತ್ತಿರ ಇವೆ. 2009ರ ಪುಸ್ತಕದಲ್ಲಿ "ಹಾಲು 40 ಲೀಟರ್" ಅಂತ ಬರೆದದ್ದು ದುಂಡಗೆ, ಗೆರೆಯಿಂದ ಗೆರೆಗೆ ಮುಟ್ಟುವ ಹಾಗಿದೆ. 2012ರದ್ದು ತೆಗೆದರೆ, "ಹಾಲು" ಸರಿಯಾಗೇ ಇದೆ, "ಲೀಟರ್"ಗೆ ಬರುವಷ್ಟರಲ್ಲಿ ಇರುವೆ ಸಾಲು. ವರ್ಷದ ಕೊನೆಯ ಪುಟಗಳನ್ನು ಓದಲು ನನಗೆ ಭೂತಗನ್ನಡಿ ಬೇಕಾಯಿತು. ಆಗ ನಾವು ಅವರ ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡೆವು.

ಅದೇ ಕಾಲದಲ್ಲಿ ಒಂದು ಬೆಳಿಗ್ಗೆ ಅಪ್ಪಯ್ಯ ಅಡುಗೆಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಪಕ್ಕದಲ್ಲೇ ಹಾಲು ಉಕ್ಕಿ, ತಳ ಹಿಡಿದು, ಪಾತ್ರೆ ಕಪ್ಪಾಗಿದೆ. ಅವರಿಗೆ ಗೊತ್ತೇ ಆಗಲಿಲ್ಲ. "ಮೂಗು ಬಾಡಿಗೆಗೆ ಕೊಟ್ಟಿದ್ದೀರಾ?" ಅಂತ ಅಮ್ಮ ಬೈದರು. ನಾವೆಲ್ಲ ನಕ್ಕೆವು.

ಬಲಗೈ ಬೀಸದೆ ನಡೆಯಲು ಶುರು ಮಾಡಿದಾಗ ಒಬ್ಬ ಡಾಕ್ಟರು ಭುಜ ಹಿಡಿದಿದೆ ಅಂದರು. ಎರಡು ವರ್ಷ ಇಂಜೆಕ್ಷನ್, ಎಣ್ಣೆ, ಶಾಖ. ಕೈ ನಡುಗುತ್ತಿರಲಿಲ್ಲವಲ್ಲ, ಇದು ಪಾರ್ಕಿನ್ಸನ್ ಅಂತ ಯಾರಿಗೂ ಅನುಮಾನ ಬರಲಿಲ್ಲ. ಈ ಕಾಯಿಲೆ ಅಂದರೆ ನಡುಕ ಅಂತಲೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಎಷ್ಟೋ ಜನಕ್ಕೆ ನಡುಕ ಬರುವುದೇ ಇಲ್ಲ. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು, ಇವೆಲ್ಲ ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ಕೈಕಾಲು ನಿಧಾನವಾಗುವ ಹೊತ್ತಿಗೆ ಮಿದುಳಿನಲ್ಲಿ, ಚಲನೆಗೆ ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳಲ್ಲಿ ದೊಡ್ಡ ಪಾಲು ಹೋಗಿಬಿಟ್ಟಿರುತ್ತದೆ. ಇವತ್ತಿಗೂ ಮುಖ್ಯ ಮಾತ್ರೆ ಲೆವೊಡೋಪಾ, 1960ರ ದಶಕದ ಕೊನೆಯಲ್ಲಿ ಬಂದದ್ದು. ಅದು ಕೊರತೆ ತುಂಬುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಔಷಧಿ ಇನ್ನೂ ಯಾರ ಕೈಯಲ್ಲೂ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಈ ಕೆಲಸ ವೇದಿಕೆ ಮೇಲಿಂದ ಆಗುವುದಿಲ್ಲ. ಜನರ ಪಕ್ಕದಲ್ಲಿ ಕೂತು ಮಾಡಬೇಕು, ಕಾಯಿಲೆ ಜೊತೆಗೆ ಸಂಶೋಧನೆಯ ಬಗ್ಗೆಯೂ ಹೇಳಬೇಕು.

ಈಗ ನಾವು ನಾಲ್ವರು ಭಾಂಡೂಪ್, ಡೊಂಬಿವಲಿ ಕಡೆ ಶನಿವಾರದ ಭಜನೆಗೆ ಹೋಗುತ್ತೇವೆ. ಮಂಗಳಾರತಿ ಆಗಿ ಪನಿವಾರ ಹಂಚುವಾಗ ಸುಮ್ನೆ ಒಂದು ಮೂಲೆಯಲ್ಲಿ ಕೂರುತ್ತೇವೆ. ನನ್ನ ಚೀಲದಲ್ಲಿ ನಾಲ್ಕು ಸ್ಟೀಲ್ ಡಬ್ಬಿ: ಹಿಂಗು, ಏಲಕ್ಕಿ, ಕಾಫಿಪುಡಿ, ಕರಿಬೇವು. ಕಣ್ಣು ಮುಚ್ಚಿ ಮೂಸಿ ಹೇಳಿ ಅಂದರೆ ಮಕ್ಕಳೂ ಬರುತ್ತಾರೆ, ಅಜ್ಜಿಯರೂ ಬರುತ್ತಾರೆ. ಇದು ಪರೀಕ್ಷೆಯಲ್ಲ ಅಂತ ಮೊದಲೇ ಹೇಳುತ್ತೇನೆ. ನೆಗಡಿಯಾದರೂ ವಾಸನೆ ಹೋಗುತ್ತದೆ, ವಯಸ್ಸಾದರೂ ಹೋಗುತ್ತದೆ. ಮಾತು ಶುರು ಮಾಡಲು ಒಂದು ನೆಪ, ಅಷ್ಟೆ.

ಆ ನೆಪದಿಂದಲೇ ಸಂಶೋಧನೆಯ ಮಾತಿಗೆ ಬರುತ್ತೇನೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾಡಿದ 40 ವಾಸನೆಗಳ ಪರೀಕ್ಷೆಯೊಂದಿದೆ. ಕಾಗದ ಕೆರೆದು ಮೂಸಬೇಕು. ಅದರಲ್ಲಿ ರೂಟ್ ಬಿಯರ್ ಅನ್ನುವ ಅಮೆರಿಕದ ತಂಪು ಪಾನೀಯ ಇದೆ, ಡಿಲ್ ಹಾಕಿದ ಉಪ್ಪಿನಕಾಯಿ ಇದೆ. ಕೋಟೇಶ್ವರದ ನಮ್ಮ ಚಿಕ್ಕಮ್ಮ ರೂಟ್ ಬಿಯರ್ ಮೂಸಿದ್ದು ಯಾವಾಗ? ಅವರು ಫೇಲಾದರೆ ಅದು ಮೂಗಿನ ತಪ್ಪಾ, ಪ್ರಶ್ನೆಪತ್ರಿಕೆಯ ತಪ್ಪಾ? ವಂಶವಾಹಿಗಳ ಅಧ್ಯಯನದಲ್ಲೂ ಇದೇ ಕತೆ. ಈವರೆಗೆ ಜಾಸ್ತಿ ನೋಡಿರುವುದು ಯುರೋಪಿನ ಮೂಲದವರ ರಕ್ತವನ್ನೇ. 2023ರಲ್ಲಿ ಆಫ್ರಿಕಾ ಮೂಲದ ಜನರನ್ನು ನೋಡಿದಾಗ, ಯುರೋಪಿನವರಲ್ಲಿ ಹೆಚ್ಚುಕಡಿಮೆ ಕಾಣದಿದ್ದ, ಈ ಕಾಯಿಲೆಗೆ ಸಂಬಂಧಿಸಿದ ಒಂದು ವ್ಯತ್ಯಾಸ ಜಿಬಿಎ1 ಅನ್ನುವ ಜೀನ್‌ನಲ್ಲಿ ಸಿಕ್ಕಿತು. ನಮ್ಮವರ ರಕ್ತದಲ್ಲಿ ಏನಿದೆ ಅಂತ ತಿಳಿಯಬೇಕಾದರೆ ನಮ್ಮವರೇ ಕೊಡಬೇಕು.

ಕಾಯಿಲೆ ಇಲ್ಲದವರೂ ಬೇಕು. ಇದನ್ನು ಕೇಳಿದರೆ ಎಲ್ಲರಿಗೂ ಆಶ್ಚರ್ಯ. ಹೋಲಿಸಿ ನೋಡಲು ಆರೋಗ್ಯವಂತರು ಇಲ್ಲದಿದ್ದರೆ ಅಧ್ಯಯನವೇ ನಡೆಯುವುದಿಲ್ಲ. ಈ ಕಾಯಿಲೆಯಲ್ಲಿ ಆಲ್ಫಾ ಸಿನ್ಯೂಕ್ಲಿನ್ ಅನ್ನುವ ಪ್ರೋಟೀನ್ ಹದಗೆಟ್ಟು ಮುದ್ದೆಗಟ್ಟುವುದನ್ನು ಬೆನ್ನುಹುರಿಯ ದ್ರವದಲ್ಲೇ ಪತ್ತೆ ಮಾಡಬಹುದು ಅಂತ 2023ರಲ್ಲಿ ತೋರಿಸಿಕೊಟ್ಟರಲ್ಲ, ಅದಕ್ಕೆ ಸಾವಿರಕ್ಕೂ ಹೆಚ್ಚು ಜನ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡಿದ್ದರು. ಅವರಲ್ಲಿ ಏನೂ ಕಾಯಿಲೆ ಇಲ್ಲದವರೂ ಇದ್ದರು.

ಹೀಗೆಲ್ಲ ಹೇಳುವಾಗ ನಾಲಿಗೆ ಮೇಲೆ ಹಿಡಿತ ಇರಬೇಕು. ನಮ್ಮಲ್ಲೇ ಕೆಲವರು ಉತ್ಸಾಹದಲ್ಲಿ "ಇನ್ನೈದು ವರ್ಷದಲ್ಲಿ ಔಷಧಿ ಬಂದೇ ಬರುತ್ತದೆ" ಅಂದುಬಿಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಎದುರಿಗೆ ಕೂತವರು ದಿನ ಎಣಿಸುತ್ತಿರುತ್ತಾರೆ. ನಾನು ಹೇಳುವುದೇ ಬೇರೆ. ಇದರಿಂದ ನಿಮಗೆ ಏನೂ ಲಾಭ ಆಗದೇ ಇರಬಹುದು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಮರಾಠಿಯೋ ಕನ್ನಡವೋ ಕೇಳಿ ಪಡೆಯಿರಿ. ನಡುವೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಹೊಸ ಔಷಧಿಯ ಪ್ರಯೋಗವಾದರೆ ಸರ್ಕಾರದ ಸಿಟಿಆರ್‌ಐ ಪಟ್ಟಿಯಲ್ಲಿ ನೋಂದಣಿ ಆಗಿರಲೇಬೇಕು. "ಸ್ಟೆಮ್ ಸೆಲ್ ಹಾಕುತ್ತೇವೆ, ಇಷ್ಟು ಲಕ್ಷ ಕಟ್ಟಿ" ಅಂದರೆ ಎದ್ದು ಬನ್ನಿ.

ನಸುಗುನ್ನಿ ಬೀಜದ ಪುಡಿ ತಿನ್ನಬಹುದಾ ಅನ್ನುವ ಪ್ರಶ್ನೆ ಎಲ್ಲಿ ಹೋದರೂ ಬರುತ್ತದೆ. ಅದರ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ, ಆಯುರ್ವೇದದಲ್ಲಿ ಅದರ ಬಳಕೆ ಹಳೆಯದು. ಅದಕ್ಕೇ ಭಯ. ಮಾತ್ರೆಯ ಮೇಲೆ ಪುಡಿಯನ್ನೂ ತಿಂದರೆ ಹೊಟ್ಟೆಗೆ ಎಷ್ಟು ಹೋಯಿತು ಅಂತ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ತಿನ್ನುತ್ತಿದ್ದರೆ ಮುಚ್ಚಿಡಬೇಡಿ, ಅಷ್ಟೇ ಹೇಳುತ್ತೇನೆ.

ಮುಚ್ಚಿಡುವುದರಲ್ಲಿ ನಾವು ಗಟ್ಟಿಗರು ಬಿಡಿ. ಮಗಳ ಮದುವೆ ಆಗುವ ತನಕ ಕಾಯಿಲೆ ವಿಷಯ ಹೊರಗೆ ಹೇಳದ ಮನೆಗಳು ನನಗೆ ಗೊತ್ತು.

ಭಾಂಡೂಪ್‌ನಲ್ಲಿ ಹಿರಿಯರೊಬ್ಬರಿದ್ದಾರೆ, ಊರಲ್ಲಿ ಯಕ್ಷಗಾನದ ಹವ್ಯಾಸಿ ವೇಷಧಾರಿ. ಬಾಗಿಲ ಹೊಸ್ತಿಲಿಗೆ ಬಂದರೆ ಪಾದ ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ. ಒಂದು ದಿನ ಭಜನೆಯ ಹುಡುಗ ಪಕ್ಕದಲ್ಲಿ ತಾಳ ತಟ್ಟಿದ. ಅವರು ಹೆಗಲು ನೆಟ್ಟಗೆ ಮಾಡಿ, ಲಯಕ್ಕೆ ಸರಿಯಾಗಿ ಹೆಜ್ಜೆ ಎತ್ತಿ ಹೊಸ್ತಿಲು ದಾಟಿದರು. ತಾಳ ನಿಂತಿತು, ಅವರೂ ನಿಂತರು. ಹೊರಗಿನ ಲಯ ಹಿಡಿದು ಹೆಜ್ಜೆ ಹಾಕಿಸುವುದು ಫಿಸಿಯೋಥೆರಪಿಯವರು ಬಳಸುವ ದಾರಿಯೇ, ಆದರೂ ಅವತ್ತು ನೋಡಿದಾಗ ನನ್ನ ಕಣ್ಣು ತುಂಬಿತು.

ಅವರ ಹತ್ತಿರವೇ ನಾನು ರಕ್ತ ಕೊಡುವ ಅಧ್ಯಯನದ ವಿಷಯ ಎತ್ತಿದ್ದು. "ಎಂತ ಮಾರಾಯ್ತಿ, ನಾನ್ ನಿಮ್ಗೆ ಇಲಿಯಾ?" ಅಂದರು. ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಒಪ್ಪಿಗೆ ಪತ್ರ ಕೈಗೆ ತಗೊಂಡು ಪುಟ ತಿರುಗಿಸಿದರು. ರಕ್ತದ ಫಲಿತಾಂಶ ತನಗೆ ತಿಳಿಸ್ತಾರಾ, ಮಗನ ಕಂಪನಿಯವರಿಗೆ ಗೊತ್ತಾಗ್ತದಾ ಅಂತ ಕೇಳಿದರು. ಎರಡನ್ನೂ ಬರೆದುಕೊಂಡು ಅಧ್ಯಯನ ನಡೆಸುವ ಡಾಕ್ಟರ ಹತ್ತಿರ ಕೇಳಿ ಬಂದು ಹೇಳಿದೆ. "ಆಯ್ತು, ಮನೇಲಿ ಕೂತು ಓದ್ತೆ" ಅಂತ ಪತ್ರ ಮಡಚಿ ಜೇಬಿಗೆ ಹಾಕಿಕೊಂಡರು.

ಐದು ಶನಿವಾರ ಆಯಿತು. ಪತ್ರ ಇನ್ನೂ ಅವರ ಹತ್ತಿರವೇ ಇದೆ. ನಾನೂ ಕೇಳಿಲ್ಲ.