62 ಪರ್ಸೆಂಟ್ ಆದ್ರೆ ಕೆಲಸ ಸಿಗುತ್ತಾ?

ನರ್ಸಿಂಗ್ ರಿಸಲ್ಟ್ ಬಂತೆಂದರೆ ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯಿಂದ ಫೋನ್ ಶುರುವಾಗುತ್ತವೆ. "ಸಿಸ್ಟರ್, 62 ಪರ್ಸೆಂಟ್ ಆಗಿದೆ, ಕೆಲಸ ಸಿಗುತ್ತಾ?" ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯುತ್ತೇನೆ.

ಸರ್ಕಾರಿ ಗುತ್ತಿಗೆ ಹುದ್ದೆಗಳ ವಿಷಯದಲ್ಲಿ ಮಾರ್ಕ್ಸ್ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಮೆರಿಟ್ ಪಟ್ಟಿ ಮಾಡಿ ಕರೆಯುವ ಕಡೆ ಅರ್ಧ ಪರ್ಸೆಂಟಿಗೂ ಹೆಸರು ಕೆಳಗೆ ಹೋಗುತ್ತದೆ. ಕಲ್ಯಾಣ ಕರ್ನಾಟಕದವರಿಗೆ 371ಜೆ ಮೀಸಲಾತಿ ಇದ್ದರೂ ಅಲ್ಲಿ ನಿಮ್ಮ ಜೊತೆ ಸ್ಪರ್ಧೆಗೆ ನಿಲ್ಲುವವರು ಬಳ್ಳಾರಿ, ಕೊಪ್ಪಳ, ಕಲಬುರಗಿಯ ನಮ್ಮ ಮಕ್ಕಳೇ. ಹಾಗಾಗಿ "ಪಾಸಾದ್ರೆ ಸಾಕು" ಅನ್ನುವ ಸೀನಿಯರ್‌ಗಳ ಮಾತು ಕೇಳಬೇಡಿ. ಮೊದಲನೇ ವರ್ಷ ಅನಾಟಮಿಯಲ್ಲಿ ಕಳೆದುಕೊಂಡ ಅಂಕ ಆಮೇಲೆ ಸಿಗೋದಿಲ್ಲ.

ಏಮ್ಸ್‌ನ ಕಥೆ ಬೇರೆ. ಅಲ್ಲಿಗೆ ನರ್ಸ್‌ಗಳನ್ನು ಆರಿಸಲು 2020ರಲ್ಲಿ ಶುರುವಾದ ನಾರ್ಸೆಟ್ ಪರೀಕ್ಷೆಯಲ್ಲಿ ನಿಮ್ಮ ಕಾಲೇಜಿನ ಪರ್ಸೆಂಟನ್ನು ಯಾರೂ ಕೂಡಿಸಿ ರ್‍ಯಾಂಕ್ ಕೊಡುವುದಿಲ್ಲ. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಆದವರಿಗೆ ಕನಿಷ್ಠ 50 ಹಾಸಿಗೆ ಇರುವ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಗಲ್ಫ್‌ಗೆ ಹೋಗುವವರಿಗೂ ಅನುಭವ, ಲೈಸೆನ್ಸ್ ಪರೀಕ್ಷೆ, ಸರ್ಟಿಫಿಕೇಟ್ ಪರಿಶೀಲನೆ, ಇವೇ ಮುಖ್ಯ.

ಇನ್ನು ಖಾಸಗಿ ಆಸ್ಪತ್ರೆ. ಮಾರ್ಕ್ಸ್‌ಕಾರ್ಡ್ ಮೇಲೆ ಒಂದು ಸಲ ಕಣ್ಣಾಡಿಸಿ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಆಗಿದೆಯಾ ಅಂತ ಕೇಳುತ್ತಾರೆ. ಆಮೇಲೆ ಇನ್‌ಚಾರ್ಜ್ ಸಿಸ್ಟರ್ ಸೀದಾ ಇಂಜೆಕ್ಷನ್ ಲೆಕ್ಕಕ್ಕೆ ಬರುತ್ತಾರೆ: "ಅಮಿಕಾಸಿನ್ 375 ಎಂಜಿ ಆರ್ಡರ್ ಇದೆ. ವಯಲ್‌ನಲ್ಲಿ 2 ಎಂಎಲ್‌ಗೆ 500 ಎಂಜಿ. ಎಷ್ಟು ಎಳೀತೀಯಾ?" ಒಂದೂವರೆ ಎಂಎಲ್ ಅಂತ ತಡವರಿಸದೆ ಹೇಳಬೇಕು. 80 ಪರ್ಸೆಂಟ್ ತೆಗೆದ ಹುಡುಗಿ ಇಲ್ಲಿ ಸುಮ್ನೆ ನಿಂತುಬಿಟ್ಟಿದ್ದನ್ನು ನೋಡಿದ್ದೇನೆ. ತುಂಬಾ ಬೇಜಾರಾಯಿತು. ಓದಿನಲ್ಲಿ ಅವಳು ಜಾಣೆಯೇ. ಆದರೆ ಮೂರು ವರ್ಷದಲ್ಲಿ ಅವಳ ಕೈಗೆ ಯಾರೂ ಸಿರಿಂಜ್ ಕೊಟ್ಟಿರಲಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ಹಾಜರಾತಿ ಪುಸ್ತಕದಲ್ಲಿ ಕ್ಲಿನಿಕಲ್ ಪೋಸ್ಟಿಂಗ್ (ಆಸ್ಪತ್ರೆಯಲ್ಲಿನ ತರಬೇತಿ) ಪೂರ್ತಿ, ವಾರ್ಡಿನಲ್ಲಿ ವಿದ್ಯಾರ್ಥಿಗಳೇ ಇಲ್ಲ. ಇಂಥ ಕಾಲೇಜುಗಳು ಇವೆ, ಎಲ್ಲರಿಗೂ ಗೊತ್ತು. ನಮ್ಮ ಭಾಗದಲ್ಲಿ ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆಯುವ ಸೀಸನ್‌ನಲ್ಲಿ ವಿಷ ಏರಿದವರನ್ನು ರಾತ್ರೋರಾತ್ರಿ ಕರೆತರುತ್ತಾರೆ. ಬಾಯಲ್ಲಿ ಜೊಲ್ಲು, ಸಾಸಿವೆಯಷ್ಟಾದ ಕಣ್ಣಪಾಪೆ, ಎದೆಯಲ್ಲಿ ಗೊರಗೊರ. ಈ ವಿಷಕ್ಕೆ ಮದ್ದಾದ ಅಟ್ರೊಪಿನ್ ಕೊಡುತ್ತಾ ಕಣ್ಣು, ನಾಡಿ, ಎದೆ ಮತ್ತೆ ಮತ್ತೆ ನೋಡುತ್ತಿರಬೇಕು. ಎದೆ ಯಾವಾಗ ಒಣಗಿತು ಅನ್ನುವುದು ಕಿವಿಗೆ ಗೊತ್ತಾಗಬೇಕು. ಆ ಕಿವಿ ನೈಟ್ ಡ್ಯೂಟಿ ಮಾಡಿದವರಿಗೆ ಮಾತ್ರ ಬರುತ್ತದೆ.

ಅಪ್ಪ ಅಮ್ಮಂದಿರೇ, ಅಡ್ಮಿಷನ್‌ಗೆ ಹೋದಾಗ ಬಿಲ್ಡಿಂಗ್ ನೋಡಿ ಮರುಳಾಗಬೇಡಿ. ಮಕ್ಕಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಅಂತ ಕೇಳಿ. ಒಬ್ಬ ವಿದ್ಯಾರ್ಥಿಗೆ 3 ರೋಗಿಗಳಾದರೂ ಇರಬೇಕು ಅಂತ ನರ್ಸಿಂಗ್ ಕೌನ್ಸಿಲ್‌ನ ನಿಯಮವಿದೆ. ಆ ಆಸ್ಪತ್ರೆಗೆ ನೀವೇ ಹೋಗಿ, ಬೆಳಿಗ್ಗೆ ವಾರ್ಡಿನಲ್ಲಿ ಎಷ್ಟು ಹಾಸಿಗೆ ತುಂಬಿವೆ ನೋಡಿ. ಫೈನಲ್ ಇಯರ್ ಮಕ್ಕಳನ್ನು ಮಾತಾಡಿಸಿ, ಎಷ್ಟು ಹೆರಿಗೆ ಮಾಡಿಸಿದ್ದೀರಿ, ನೈಟ್ ಡ್ಯೂಟಿ ಹಾಕುತ್ತಾರಾ ಅಂತ ವಿಚಾರಿಸಿ. ಫೀಸು ಕಟ್ಟುವುದು ಆಮೇಲೆ.