ಟೇಬಲ್ಲು ಗಂಡು, ಹುಡುಗಿ ‘ಅದು’

ಹೋದ ದೀಪಾವಳಿಗೆ ನಮ್ಮ ಮನೆಯ ಟೇಬಲ್ಲು ಗಂಡಸಾಯಿತು.

ಅಣ್ಣನ ಮಗಳು ಅದರ ಮೇಲೆ ಹಳದಿ ಚೀಟಿ ಅಂಟಿಸಿ ‘ಡೇರ್ ಟಿಶ್’ ಅಂತ ಬರೆದಳು. ಜರ್ಮನ್ ಭಾಷೆಯಲ್ಲಿ ಸಾಮಾನುಗಳಿಗೂ ಲಿಂಗ ಇದೆ, ‘ಡೇರ್’ ಅಂದರೆ ಗಂಡು. ಬಾಗಿಲು ಹೆಣ್ಣು. ಫ್ರಿಜ್ಜು ಗಂಡು. ಕಿಟಕಿ ಎರಡೂ ಅಲ್ಲ. ಮನೆ ತುಂಬ ಚೀಟಿ. ತಂಬಿಗೆ ಎತ್ತಿಕೊಳ್ಳಬೇಕಾದರೂ ನನಗೆ ಒಂದು ಕ್ಷಣ ಸಂಕೋಚ, ಯಾರನ್ನು ಮುಟ್ಟುತ್ತಿದ್ದೇನೋ ಏನೋ ಅಂತ.

ಹುಡುಗಿ ನರ್ಸು. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ, ಬೆಳಗಾವಿಯಲ್ಲೇ ಆರು ವರ್ಷ ಐಸಿಯುನಲ್ಲಿ ದುಡಿದವಳು. ಈಗ ಜರ್ಮನಿಗೆ ಹೊರಟಿದ್ದಾಳೆ. ಟಿಳಕವಾಡಿಯಲ್ಲಿ ಕೆಳಗೆ ಕುಂದಾ ಅಂಗಡಿ, ಮೇಲೆ ಜರ್ಮನ್ ಕ್ಲಾಸು. ಕೆಳಗೆ ಹಾಲು ಕುದ್ದು ಕುದ್ದು ಕೆಂಪಗಾಗುತ್ತದೆ, ಮೇಲೆ ಮಕ್ಕಳು. ಜರ್ಮನ್‌ನಲ್ಲಿ ಕೆಲವು ಸಲ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದಂತೆ. ಅದೊಂದರಲ್ಲಿ ಮಾತ್ರ ನಮ್ಮ ಹುಡುಗರು ಹುಟ್ಟಾ ಪಂಡಿತರು.

ಹುಡುಗಿಗೆ ಜರ್ಮನ್‌ನಲ್ಲಿ ‘ಡಾಸ್ ಮೇಡ್‌ಶೆನ್’ ಅನ್ನಬೇಕು. ಅಂದರೆ ನಪುಂಸಕ ಲಿಂಗ. ಇದನ್ನು ಕೇಳಿ ಕ್ಲಾಸಿನ ಹುಡುಗಿಯರೆಲ್ಲ ಸಿಟ್ಟಾದರು. ನಮ್ಮ ಅವ್ವ ಒಬ್ಬಳೇ ಮೆಚ್ಚಿದಳು. ನಮ್ಮ ಕಡೆ ಹೆಣ್ಣುಮಕ್ಕಳು ಮೊದಲಿನಿಂದಲೂ ‘ಅದು’ ತಾನೇ? ಅದು ಸಾಲಿಗೆ ಹೋಗೇತಿ, ಅದಕ್ಕ ಚಾ ಕೊಡು, ಅದಕ್ಕ ಒಂದು ಗಂಡು ನೋಡ್ರಿ. ‘ಛಲೋ ಮಂದಿ ಅದಾರ, ನಮ್ಮ ಹಂಗ ಮಾತಾಡ್ತಾರ’ ಅಂತ ಅವ್ವ ಅಲ್ಲಿಂದಲೇ ಜರ್ಮನಿಗೆ ಸರ್ಟಿಫಿಕೇಟ್ ಕೊಟ್ಟುಬಿಟ್ಟಳು.

ಜರ್ಮನಿ ಅಷ್ಟು ಸುಲಭಕ್ಕೆ ವಾಪಸ್ ಕೊಡುವುದಿಲ್ಲ. ಅಲ್ಲಿ ಮುದುಕರು ಜಾಸ್ತಿ, ನೋಡಿಕೊಳ್ಳುವವರು ಕಡಿಮೆ. 2024ರ ಅಕ್ಟೋಬರಿನಲ್ಲಿ ಅವರ ಸರ್ಕಾರ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಬರ್ರಿ ಬರ್ರಿ ಅಂತ ಬಾಗಿಲು ತೆಗೆದರು, ಹೊಸ್ತಿಲ ಮೇಲೆ ವ್ಯಾಕರಣ ಇಟ್ಟರು. ಭಾಷೆ ಕಲಿತದ್ದನ್ನು ಅಳೆಯುವ ಮೆಟ್ಟಿಲುಗಳು: ಎ-1, ಎ-2, ಬಿ-1, ಬಿ-2. ನರ್ಸು ಅಂತ ಪೂರ್ತಿ ಒಪ್ಪಿಕೊಳ್ಳಬೇಕಾದರೆ ಸಾಮಾನ್ಯವಾಗಿ ಬಿ-2 ಬೇಕು. ಓದು, ಕೇಳು, ಬರೆ, ಮಾತಾಡು. ನಾಲ್ಕರಲ್ಲೂ ನೂರಕ್ಕೆ 60.

ಭಾಷೆ ಬೇಕು ಅನ್ನುವುದರಲ್ಲಿ ನನ್ನ ತಕರಾರಿಲ್ಲ. ಮುದುಕ ಎದೆನೋವು ಅಂದಾಗ ನರ್ಸು ಹಲ್ಲುನೋವಿನ ಗುಳಿಗೆ ಕೊಟ್ಟರೆ ಇಬ್ಬರಿಗೂ ಕಷ್ಟ. ಆದರೆ ಬಿ-2 ಆದ ಮೇಲೂ ಇವಳು ಅಲ್ಲಿ ಸೀದಾ ನರ್ಸು ಆಗುವುದಿಲ್ಲ. ಇವಳ ಓದನ್ನೂ ಅವರ ಓದನ್ನೂ ಎದುರುಬದುರು ಇಟ್ಟು ತೂಗುತ್ತಾರೆ. ಅವರದು ಮೂರು ವರ್ಷದ ಕೆಲಸ ಕಲಿಯುವ ಕೋರ್ಸು. ನಮ್ಮದು ನಾಲ್ಕು ವರ್ಷದ ಡಿಗ್ರಿ. ತೂಗಿ ನೋಡಿದರೆ ನಾಲ್ಕು ಮೂರಕ್ಕಿಂತ ಕಡಿಮೆ ಬರುತ್ತದೆ! ಆಮೇಲೆ ಒಂದೋ ಹೊಂದಿಕೊಳ್ಳುವ ತರಬೇತಿ, ಇಲ್ಲವೇ ಇನ್ನೊಂದು ಪರೀಕ್ಷೆ. ಅದು ಮುಗಿಯುವ ತನಕ ಇವಳು ಸಹಾಯಕಿ. ಪಗಾರವೂ ಸಹಾಯಕಿಯದೇ.

ಕಡಿಮೆ ಬಿದ್ದದ್ದು ಏನು ಅಂತ ವಿಚಾರಿಸಿದೆ. ರೋಗಿಯ ಮೈ ತೊಳೆಯುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು. ಇದು ಕೇಳಿ ಮನೆಯವರೆಲ್ಲ ‘ಇದಕ್ಕೂ ಟ್ರೇನಿಂಗಾ’ ಅಂತ ನಕ್ಕರು. ನನಗೆ ಮಾತ್ರ ಜರ್ಮನ್ನರ ಮಾತಿನಲ್ಲಿ ಸ್ವಲ್ಪ ನಿಜ ಇದೆ ಅನ್ನಿಸಿತು. ನಮ್ಮ ಆಸ್ಪತ್ರೆಗಳಲ್ಲಿ ಆ ಕೆಲಸಕ್ಕೆ ನೆಂಟರಿದ್ದಾರೆ. ಒಬ್ಬ ರೋಗಿಗೆ ಆರು ನೆಂಟರು, ಎರಡು ಟಿಫಿನ್ ಡಬ್ಬಿ, ಒಂದು ಚಾಪೆ. ಸೊಸೆ ಮೈ ಒರೆಸುತ್ತಾಳೆ, ಮಗ ಸಲಾಯಿನ್ ಬಾಟಲಿ ಹಿಡಿದು ನಿಲ್ಲುತ್ತಾನೆ, ಬೀಗರು ಬಂದು ಸೀತಾಫಲ ಕೊಟ್ಟು ಶುಗರ್ ಏರಿಸಿ ಹೋಗುತ್ತಾರೆ. ನರ್ಸಿಗೆ ಉಳಿಯುವುದು ವೆಂಟಿಲೇಟರು, ಇಂಜೆಕ್ಷನ್ನು, ಮತ್ತೆ ಆ ಆರು ಮಂದಿಯನ್ನು ಹೊರಗೆ ಕಳಿಸುವುದು. ಈ ಕೊನೆಯ ವಿದ್ಯೆಗೆ ಜರ್ಮನಿಯಲ್ಲಿ ಅಂಕ ಇಲ್ಲ. ಇದ್ದಿದ್ದರೆ ನಮ್ಮ ಹುಡುಗಿಗೆ ಇಷ್ಟೊತ್ತಿಗೆ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಸಿ-2 ಸಿಕ್ಕಿರುತ್ತಿತ್ತು.

ನಮ್ಮ ಹಿಂದಿನ ಓಣಿಯ ಹುಡುಗನದು ಬೇರೆ ಕಥೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಎಂಟು ವರ್ಷ ಎಂಜಿನಿಯರ್. ಅವನ ಗುರಿ ಕೆನಡಾ, ಅದಕ್ಕೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ. ಪರೀಕ್ಷೆ ಬರೆಯಲು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದ. 1824ರಲ್ಲಿ ಕಿತ್ತೂರಿನ ಕೋಟೆ ಮುಂದೆ ಇಂಗ್ಲಿಷರ ಥ್ಯಾಕರೆಯನ್ನು ಕೆಡವಿದ ರಾಣಿಯ ಹೆಸರಿನ ಗಾಡಿ. ಇನ್ನೂರು ವರ್ಷ ಆದ ಮೇಲೆ ಅದರ ಸ್ಲೀಪರ್ ಬೋಗಿಯಲ್ಲಿ ಮಲಗಿ ಇವನು ಇಂಗ್ಲಿಷ್ ಗಾದೆಮಾತು ಬಾಯಿಪಾಠ ಮಾಡುತ್ತಿದ್ದ.

ಪರೀಕ್ಷೆಯಲ್ಲಿ ಒಂದು ಪತ್ರ ಬರೆಯಬೇಕು. 20 ನಿಮಿಷ, 150 ಶಬ್ದ. ತಯಾರಿಗೆ ಅಂತ ಕ್ಲಾಸಿನಲ್ಲಿ ಕೊಟ್ಟ ವಿಷಯ: ಪಕ್ಕದ ಮನೆಯವರ ಗದ್ದಲದ ಬಗ್ಗೆ ಅವರಿಗೇ ವಿನಯದಿಂದ ಬರೆಯಿರಿ. ಹುಡುಗ ಕಂಗಾಲಾದ. ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಟಿವಿ ಜೋರು ಮಾಡಿದರೆ ಕಂಪೌಂಡ್ ಮೇಲಿಂದ ‘ಏ, ಕಿವುಡ ಆಗೀರೇನು?’ ಅಂತ ಒಂದು ಕೂಗು ಹಾಕಿದರೆ ಮುಗಿಯಿತು. ಮೂರು ಶಬ್ದ. ಉಳಿದ 147 ಎಲ್ಲಿಂದ ತರಬೇಕು?

ತಂದ. ಅಂಕವೂ ಬಂತು. ಆದರೆ ಈ ಅಂಕಕ್ಕೆ ಎರಡೇ ವರ್ಷ ಆಯುಷ್ಯ. ಅಷ್ಟರೊಳಗೆ ಕೆಲಸ ಆಗದಿದ್ದರೆ ಮತ್ತೆ ದುಡ್ಡು ಕಟ್ಟಿ ಮತ್ತೆ ಬರೆಯಬೇಕು. ಇಂಗ್ಲಿಷು ಹಾಲಿನ ಪಾಕೀಟಿನ ಹಾಗೆ ಕೆಡುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನನಗೆ ಏಳನೇ ಈಯತ್ತೆಯಲ್ಲಿ ಕಲಿಸಿದ್ದು ಯಾವಾಗಲೋ ಹಳಸಿ ಹೋಗಿರಬೇಕು. ಇದರಲ್ಲಿ ಒಂದು ಸಮಾಧಾನ ಅಂದರೆ, ಕೆನಡಾದಲ್ಲಿ ನೆಲೆಸಲು ಇರುವ ‘ಎಕ್ಸ್‌ಪ್ರೆಸ್ ಎಂಟ್ರಿ’ ಅನ್ನುವ ದಾರಿಗೆ ಲಂಡನ್ನಿನಲ್ಲಿ ಹುಟ್ಟಿ ಬೆಳೆದವನು ಅರ್ಜಿ ಹಾಕಿದರೂ ಭಾಷಾ ಪರೀಕ್ಷೆ ತಪ್ಪಿದ್ದಲ್ಲ.

ಅವನು ಹೋದ. ಈಗ ಟೊರಾಂಟೊದಲ್ಲಿದ್ದಾನೆ. ರಾತ್ರಿ ಒಂದು ಗೋದಾಮಿನಲ್ಲಿ ಡಬ್ಬಿ ಜೋಡಿಸುತ್ತಾನೆ, ಹಗಲು ಕೆಲಸ ಹುಡುಕುವ ತರಬೇತಿಗೆ ಹೋಗುತ್ತಾನೆ. ಅಲ್ಲಿ ಕೈ ಹೇಗೆ ಕುಲುಕಬೇಕು, ಕಣ್ಣಲ್ಲಿ ಕಣ್ಣಿಟ್ಟು ಹೇಗೆ ಮಾತಾಡಬೇಕು ಅಂತ ಕಲಿಸುತ್ತಾರಂತೆ. ಪಾಪ, ಹಾಗೆ ನೋಡಿದ್ದಕ್ಕೆ ಇವನು ಸಾಲೆಯಲ್ಲಿ ಮಾಸ್ತರರಿಂದ ಹೊಡೆತ ತಿಂದಿದ್ದಾನೆ. ‘ಕಣ್ಣ ಬಿಟ್ಟು ನೋಡ್ತಿಯೇನಲೇ, ಸೊಕ್ಕು!’

ಇಷ್ಟಾದರೂ ಫೌಂಡ್ರಿ ಕೆಲಸ ಸಿಗಲಿಲ್ಲ. ಕಾರಣ, ‘ಕೆನಡಾದ ಅನುಭವ’ ಇಲ್ಲ. ಕೆನಡಾದ ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಕೆನಡಾದ ಅನುಭವ ಇಲ್ಲ. ಇದನ್ನು ಅವರು ಯಾವುದೋ ಆಡಳಿತ ಶಾಸ್ತ್ರದಿಂದ ಕಂಡುಹಿಡಿದಿದ್ದೇವೆ ಅಂದುಕೊಂಡಿರಬಹುದು. ನಮ್ಮಲ್ಲಿ ಅಜ್ಜಿಯರಿಗೂ ಗೊತ್ತು: ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಬೀಡು ಕಬ್ಬಿಣ ಉದ್ಯಮಬಾಗದಲ್ಲಿ ಸುಮಾರು 1200 ಡಿಗ್ರಿಗೆ ಕರಗುತ್ತದೆ. ಟೊರಾಂಟೊದಲ್ಲೂ ಅಷ್ಟಕ್ಕೇ ಕರಗುತ್ತದೆ. ಅದಕ್ಕೆ ಯಾರೂ ಕೆನಡಾದ ಅನುಭವ ಕೇಳಿದಂತಿಲ್ಲ.

ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕು ಆಯೋಗ ಹೀಗೆ ಕೇಳುವುದು ತಾರತಮ್ಯ ಅಂತ 2013ರಲ್ಲೇ ಹೇಳಿತ್ತು. ಕೆಲಸದ ಜಾಹೀರಾತಿನಲ್ಲಿ ಇದನ್ನು ಕೇಳಬಾರದು ಅಂತ ಕಾನೂನು ಜಾರಿಗೆ ಬಂದದ್ದು 2026ರ ಜನವರಿ 1ಕ್ಕೆ. ಹದಿಮೂರು ವರ್ಷ! ನಮ್ಮ ತಹಶೀಲ್ದಾರ ಕಚೇರಿಯ ಅನುಭವ ಕೆನಡಾದವರಿಗೆ ಎಲ್ಲಿಂದ ಬಂತೋ.

ಹಾಗೆ ನೋಡಿದರೆ ಇವರೆಲ್ಲ ಇನ್ನೂ ಪ್ರಾಮಾಣಿಕರು. ಭಾಷಾ ಪರೀಕ್ಷೆಯ ಗುಟ್ಟನ್ನು ಸರಿಯಾಗಿ ಅರಿತವರು ಹಳೆಯ ಕಾಲದ ಆಸ್ಟ್ರೇಲಿಯಾದವರು. ಬಿಳಿಯರಲ್ಲದವರು ಬರಬಾರದು. ಹಾಗಂತ ಕಾನೂನಿನಲ್ಲಿ ಬರೆದರೆ ಚೆನ್ನಾಗಿ ಕಾಣಲ್ಲ. ಅದಕ್ಕೆ 1901ರಲ್ಲಿ ಉಕ್ತಲೇಖನದ ಪರೀಕ್ಷೆ ಇಟ್ಟರು. 50 ಶಬ್ದ, ಯಾವುದಾದರೂ ಯುರೋಪಿನ ಭಾಷೆಯಲ್ಲಿ. ಯಾವ ಭಾಷೆ ಅನ್ನುವುದು ಅಧಿಕಾರಿಯ ಮರ್ಜಿ. ನಿಮಗೆ ಇಂಗ್ಲಿಷ್ ಬಂದರೆ ಅವನು ಸ್ವೀಡಿಷ್ ಓದಬಹುದು. 1934ರಲ್ಲಿ ಎಗಾನ್ ಕಿಶ್ ಅನ್ನುವ ಪ್ರಾಗ್‌ನ ಪತ್ರಕರ್ತ ಯುದ್ಧ ಬೇಡ ಅಂತ ಭಾಷಣ ಮಾಡಲು ಹೋದ. ಇಳಿಯಲು ಬಿಡಲಿಲ್ಲ. ಹಡಗಿನಿಂದ ಜಿಗಿದು ಕಾಲು ಮುರಿದುಕೊಂಡ. ಹಲವು ಭಾಷೆ ಬಲ್ಲವನು, ಯಾವುದರಲ್ಲಿ ಫೇಲ್ ಮಾಡುವುದು? ಹುಡುಕಿ ಹುಡುಕಿ ಸ್ಕಾಟ್‌ಲೆಂಡಿನ ಗೇಲಿಕ್ ತಂದರು. ಫೇಲಾದ. ಕೊನೆಗೆ ಅಲ್ಲಿನ ಹೈಕೋರ್ಟು, ಆ ಕಾನೂನಿನ ಮಟ್ಟಿಗೆ ಗೇಲಿಕ್ ಯುರೋಪಿನ ಭಾಷೆಯೇ ಅಲ್ಲ ಅಂದುಬಿಟ್ಟಿತು. ಒಬ್ಬ ಮನುಷ್ಯನನ್ನು ಹೊರಗಿಡಲು ಹೋಗಿ ಒಂದು ಭಾಷೆಯನ್ನೇ ಖಂಡದಿಂದ ಹೊರಗೆ ಹಾಕಿದರು. ಆ ಪರೀಕ್ಷೆ ಹೋದದ್ದು 1958ರಲ್ಲಿ.

ಈಗ ಅಧಿಕಾರಿಯ ಜಾಗದಲ್ಲಿ ಕಂಪ್ಯೂಟರ್ ಕೂತಿದೆ. 2017ರಲ್ಲಿ ಐರ್ಲೆಂಡಿನ ಒಬ್ಬ ಪಶುವೈದ್ಯೆ ಅದೇ ಆಸ್ಟ್ರೇಲಿಯಾದ ವೀಸಾಕ್ಕೆ ಯಂತ್ರದ ಮುಂದೆ ಇಂಗ್ಲಿಷ್ ಮಾತಾಡಿದಳು. ಇಂಗ್ಲಿಷು ಅವಳ ಹುಟ್ಟುಭಾಷೆ. ಮಾತಿನಲ್ಲಿ ಬೇಕಾದಷ್ಟು ಅಂಕ ಬರಲಿಲ್ಲ. ಕುದುರೆಗಳಿಗೆ ಅವಳ ಮಾತು ತಿಳಿಯುತ್ತಿತ್ತು, ಯಂತ್ರಕ್ಕೆ ತಿಳಿಯಲಿಲ್ಲ.

ಇನ್ನು ಬ್ರಿಟನ್ನು. 2026ರ ಜನವರಿ 8ರಿಂದ ಕುಶಲ ಕೆಲಸಗಾರರ ವೀಸಾಕ್ಕೆ ಬಿ-1 ಇಂಗ್ಲಿಷ್ ಸಾಲದು, ಬಿ-2 ಬೇಕು ಅಂದರು. ಕೇಳಲಿ, ಅವರ ಮನೆ, ಅವರ ಹೊಸ್ತಿಲು. ನನಗೆ ನೆನಪಾದದ್ದು ಇಷ್ಟೇ: 1818ರಲ್ಲಿ ಅವರು ಬೆಳಗಾವಿ ಕೋಟೆಗೆ ಬಂದಾಗ ಬಾಗಿಲಲ್ಲಿ ಯಾರೂ ಕನ್ನಡದ ಉಕ್ತಲೇಖನ ಬರೆಸಲಿಲ್ಲ. ಬರೆಸಿದ್ದರೆ ‘ಅ’ಕಾರ ‘ಹ’ಕಾರದಲ್ಲೇ ಅರ್ಧ ಪಲ್ಟಣು ವಾಪಸ್ ಹೋಗುತ್ತಿತ್ತು. ಅದೇ ಪರೀಕ್ಷೆ ನಮಗಿಟ್ಟಿದ್ದರೆ ನಮ್ಮಲ್ಲಿ ಎಷ್ಟು ಜನ ಉಳಿಯುತ್ತಿದ್ದರು ಅಂತ ಕೇಳಬೇಡಿ.

ಪರೀಕ್ಷೆ ಇಲ್ಲದೆ ಭಾಷೆ ಕಲಿತವರು ಇಲ್ಲವೇ? ಜರ್ಮನಿಯಿಂದಲೇ ಒಬ್ಬರು ಬಂದಿದ್ದರು. ಫರ್ಡಿನಂಡ್ ಕಿಟೆಲ್. 1853ರಲ್ಲಿ ಬಾಸೆಲ್ ಮಿಶನ್ನಿನವರಾಗಿ ಬಂದು, ಧಾರವಾಡ, ಮಂಗಳೂರು ಅಂತ ತಿರುಗಿ, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಕನ್ನಡದಲ್ಲಿ ಅವರಿಗೆ ಬಿ-2 ಇತ್ತಾ? ಯಾರೂ ಕೇಳಲಿಲ್ಲ. ಕೇಳಿದ್ದರೆ ಪರೀಕ್ಷೆಗೆ ಓದಲು ಅಷ್ಟು ದೊಡ್ಡ ನಿಘಂಟು ಬೇಕಾಗುತ್ತಿತ್ತು, ಅದನ್ನು ಮೊದಲು ಅವರೇ ಬರೆಯಬೇಕಾಗುತ್ತಿತ್ತು.

ನಾವು ಮಾತ್ರ ಸುಮ್ನೆ ಕೂತಿದ್ದೇವೆ ಅಂದುಕೊಳ್ಳಬೇಡಿ. 2024ರ ಜುಲೈನಲ್ಲಿ ನಮ್ಮ ಸರ್ಕಾರವೂ ಒಂದು ಮಸೂದೆ ತಂದಿತ್ತು. ಖಾಸಗಿ ಕಂಪನಿಗಳಲ್ಲಿ ಆಡಳಿತದ ಹುದ್ದೆಯಲ್ಲಿ ಶೇ 50, ಉಳಿದದ್ದರಲ್ಲಿ ಶೇ 70 ಸ್ಥಳೀಯರಿಗೆ. ಸ್ಥಳೀಯ ಅನ್ನಿಸಿಕೊಳ್ಳಲು ಸಾಲೆಯಲ್ಲಿ ಕನ್ನಡ ಓದಿರಬೇಕು, ಇಲ್ಲವೇ ಕನ್ನಡದ ಪರೀಕ್ಷೆ ಪಾಸಾಗಬೇಕು. ಸೋಮವಾರ ಸಂಪುಟ ಒಪ್ಪಿತು. ಬುಧವಾರ ತಡೆಹಿಡಿದರು. ಐಇಎಲ್‌ಟಿಎಸ್‌ಗೆ ಎರಡು ವರ್ಷ ಆಯುಷ್ಯ ಅಂತ ನಾನು ಸುಮ್ಮನೆ ಗೊಣಗಿದೆ. ನಮ್ಮದಕ್ಕೆ ಎರಡು ದಿನ.

ಅಥಣಿ ಕಡೆ ನಮ್ಮ ದೊಡ್ಡಪ್ಪ ಬ್ಯಾಂಕಿಗೆ ಹೋಗುವಾಗ ಎಂಟನೇ ಈಯತ್ತೆಯ ಮೊಮ್ಮಗನನ್ನು ಕರೆದುಕೊಂಡು ಹೋಗುತ್ತಾರೆ. ದುಭಾಷಿ. ಮ್ಯಾನೇಜರಿಗೆ ಕನ್ನಡ ಬರಲ್ಲ, ದೊಡ್ಡಪ್ಪನಿಗೆ ಹಿಂದಿ ಬರಲ್ಲ. ಎಪ್ಪತ್ತು ವರ್ಷ ಒಂದೇ ಊರಲ್ಲಿದ್ದು, ಎಲ್ಲೂ ಹೋಗದೆ, ವೀಸಾ ಇಲ್ಲದೆ ದೊಡ್ಡಪ್ಪ ವಲಸಿಗರಾಗಿದ್ದಾರೆ.

ಅದೇ ಉದ್ಯಮಬಾಗಕ್ಕೆ ಬನ್ನಿ. ಒಡಿಶಾ, ಬಿಹಾರದ ಹುಡುಗರು ಫೌಂಡ್ರಿಗಳಲ್ಲಿದ್ದಾರೆ. ಅವರಿಗೆ ಕ್ಲಾಸಿಲ್ಲ, ಚೀಟಿಯಿಲ್ಲ. ಅವರು ಮೊದಲ ದಿನ ಕಲಿಯುವ ಕನ್ನಡ ವಾಕ್ಯ ‘ಬಿಸಿ ಐತಿ’. ಒಂದೇ ಸಲಕ್ಕೆ ಬರುತ್ತದೆ, ಮರೆಯುವುದೂ ಇಲ್ಲ. ವಾರದೊಳಗೆ ‘ಹಿಡಿ’, ‘ಬಿಡು’, ‘ಸರಿ ಆಕಡೆ’. ತಿಂಗಳಿಗೆ ಚಹಾದಂಗಡಿಯಲ್ಲಿ ಉದ್ರಿ. ಮೂರನೇ ತಿಂಗಳಿಗೆ ಮೇಸ್ತ್ರಿಗೆ ಅವನ ಬೆನ್ನ ಹಿಂದೆ ಕನ್ನಡದಲ್ಲೇ ಬೈಗುಳ, ಆಮೇಲೆ ಸಂತೆಗೆ ಹೋಗಿ ಮರಾಠಿಯಲ್ಲಿ ಬದನೆಕಾಯಿ ಚೌಕಾಶಿ. ಇದು ಎ-1ಆ, ಬಿ-2ಆ ನನಗೆ ತಿಳಿಯದು.

ಮೊನ್ನೆ ಹುಡುಗಿಯ ಫಲಿತಾಂಶ ಬಂತು. ಓದಿನಲ್ಲಿ ಪಾಸ್. ಬರವಣಿಗೆಯಲ್ಲಿ ಪಾಸ್. ಮಾತಿನಲ್ಲಂತೂ ಭರ್ಜರಿ ಪಾಸ್. ಕೇಳುವುದರಲ್ಲಿ ಫೇಲ್. ಅದೊಂದನ್ನು ಮತ್ತೆ ದುಡ್ಡು ಕಟ್ಟಿ ಬರೆಯಬೇಕು. ಅವಳು ಟೇಬಲ್ಲಿಗೆ, ಅಂದರೆ ಆ ಗಂಡಸಿಗೆ, ತಲೆ ಒರಗಿಸಿ ಅಳುತ್ತ ಕೂತಿದ್ದಳು. ಅವ್ವ ಒಳಗಿನಿಂದ ಬಂದು ಏನಾಯಿತು ಅಂದಳು. ‘ಕೇಳೋದ್ರಾಗ ಫೇಲ್ ಆಗೇಳ’ ಅಂದೆ.

‘ಇಷ್ಟಕ್ಕ ಬೆಂಗಳೂರಿಗೆ ಹೋಗಿ ರೊಕ್ಕ ಕೊಟ್ಟು ಬಂತೇನು? ನನ್ನ ಕೇಳಿದ್ರ ನಾನ ಹೇಳ್ತಿದ್ದೆ’ ಅಂದಳು ಅವ್ವ. ‘ಹುಟ್ಟಿದಾಗಿಂದ ಯಾರ ಮಾತ ಕೇಳೇತಿ ಅದು?’