ಸರಿ ಉತ್ತರ ಗುಟೆನ್‌ಬರ್ಗ್ ಅಂತೆ!

ಈಗಷ್ಟೇ ಒಂದು ಆನ್‌ಲೈನ್ ಕ್ವಿಜ್ ಆಡಿ ತಲೆ ಕೆಟ್ಟು ಕೂತಿದ್ದೇನೆ. ‘ಬಿಡಿ ಮೊಳೆ (ಒಂದೊಂದು ಅಕ್ಷರದ ಅಚ್ಚು) ಜೋಡಿಸಿ ಅಚ್ಚು ಹಾಕುವುದನ್ನು ಮೊದಲು ಕಂಡುಹಿಡಿದವರು ಯಾರು?’ ಆಯ್ಕೆಗಳಲ್ಲಿ ಬಿ ಶೆಂಗ್ ಹೆಸರಿತ್ತು. ಖುಷಿಯಿಂದ ಒತ್ತಿದೆ. ಕೆಂಪು ಗುರುತು ಬಂತು. ಸರಿ ಉತ್ತರ ಜರ್ಮನಿಯ ಗುಟೆನ್‌ಬರ್ಗ್ ಅಂತೆ!

ಮೊಳೆ ಜೋಡಿಸಿಯೇ ಅನ್ನ ತಿಂದವನು ನಾನು, ನಿಮಗೆಲ್ಲ ಗೊತ್ತೇ ಇದೆ. ಆ ಪ್ರಶ್ನೆ ಬರೆದ ಪುಣ್ಯಾತ್ಮ ಒಂದು ಮೊಳೆಯನ್ನಾದರೂ ಮುಟ್ಟಿದ್ದಾನೋ ಇಲ್ಲವೋ.

ಬಿ ಶೆಂಗ್ ಚೀನಾದವನು. ಕಾಲ 1040ರ ದಶಕ. ದೊಡ್ಡ ಅಧಿಕಾರಿಯೇನಲ್ಲ, ಸಾಮಾನ್ಯ ಮನುಷ್ಯ. ಶೆನ್ ಕುವೋ ಅನ್ನುವ ಪಂಡಿತ ಬರೆದಿಟ್ಟಿದ್ದರಿಂದ ಅವನ ಕೆಲಸ ನಮಗೆ ಗೊತ್ತಾಗಿದೆ. ಹಸಿ ಜೇಡಿಮಣ್ಣಿನಲ್ಲಿ ಒಂದೊಂದೇ ಅಕ್ಷರ ಕೊರೆದು ಬೆಂಕಿಯಲ್ಲಿ ಸುಡುತ್ತಿದ್ದ. ಕಬ್ಬಿಣದ ತಟ್ಟೆಗೆ ಪೈನ್ ಮರದ ರಾಳ, ಮೇಣ, ಕಾಗದದ ಬೂದಿ ಹರಡಿ, ಮೇಲೊಂದು ಚೌಕಟ್ಟಿಟ್ಟು ಮೊಳೆ ತುಂಬುತ್ತಿದ್ದ. ತಟ್ಟೆ ಕಾಯಿಸಿದರೆ ಮೇಣ ಸಡಿಲವಾಗುತ್ತದೆ. ಆಗ ಹಲಗೆಯಿಂದ ಒತ್ತಿ ಎಲ್ಲ ಮೊಳೆಗಳನ್ನೂ ಒಂದೇ ಮಟ್ಟಕ್ಕೆ ತರುವುದು. ಮಟ್ಟ! ಒಂದು ಮೊಳೆ ಕೂದಲೆಳೆಯಷ್ಟು ತಗ್ಗಿದರೂ ಆ ಅಕ್ಷರ ಮಸುಕು. ಆ ಕಷ್ಟ ಪಟ್ಟವರಿಗೇ ಗೊತ್ತು. ಕೆಲಸ ಮುಗಿದ ಮೇಲೆ ಮತ್ತೆ ಕಾಯಿಸಿದರೆ ಮೊಳೆ ಉದುರಿ ಕೈಗೆ ಬರುತ್ತಿತ್ತು. ಒಂದು ತಟ್ಟೆಯಲ್ಲಿ ಅಚ್ಚು ಹಾಕುವಾಗ ಇನ್ನೊಂದರಲ್ಲಿ ಜೋಡಣೆ. ಜಾಸ್ತಿ ಬಳಕೆಯ ಅಕ್ಷರಗಳಿಗೆ 20ಕ್ಕೂ ಹೆಚ್ಚು ಮೊಳೆ. ಇಷ್ಟೆಲ್ಲ ಮಾಡಿದವನಿಗೆ ಕೆಂಪು ಗುರುತು.

ಮಣ್ಣಿನದು ಲೆಕ್ಕಕ್ಕಿಲ್ಲ, ಲೋಹದ್ದೇ ಬೇಕು ಅಂತೀರಾ? ಕೊರಿಯಾದಲ್ಲಿ 1377ರಲ್ಲೇ ಲೋಹದ ಮೊಳೆಯಲ್ಲಿ ‘ಜಿಕ್ಜಿ’ ಅನ್ನುವ ಬೌದ್ಧ ಗ್ರಂಥ ಅಚ್ಚಾಗಿತ್ತು. ಗುಟೆನ್‌ಬರ್ಗ್ ಅಚ್ಚು ಹಾಕಿದ ಬೈಬಲ್ ಮುಗಿದಿದ್ದು 1455ರ ಹೊತ್ತಿಗೆ. ಆಗಲೂ ಅವನು ಮೊದಲಿಗನಲ್ಲ.

‘ಸಾರ್, ಸಾವಿರಾರು ಅಕ್ಷರಗಳ ಚೀನೀ ಲಿಪಿಗೆ ಇಡೀ ಪುಟವನ್ನೇ ಮರದ ಹಲಗೆಯಲ್ಲಿ ಕೊರೆಯುವುದೇ ಸಲೀಸಾಗಿತ್ತು, ಪ್ರಪಂಚ ಬದಲಾಗಿದ್ದು ಗುಟೆನ್‌ಬರ್ಗ್‌ನಿಂದಲೇ ಅಲ್ವಾ?’ ಅಂತ ಯಾರಾದರೂ ಬಂದೇ ಬರುತ್ತೀರಿ. ಹೌದಪ್ಪ, ಯಾರು ಇಲ್ಲ ಅಂದರು? ಕೇಳಿದ್ದು ‘ಮೊದಲು ಯಾರು’ ಅಂತ. ‘ಜೋರಾಗಿ ಗೆದ್ದವರು ಯಾರು’ ಅಂತಲ್ಲ.

ಗುಟೆನ್‌ಬರ್ಗ್ ಮೇಲೆ ನನಗೇನೂ ಸಿಟ್ಟಿಲ್ಲ. ಸೀಸ ಕರಗಿಸಿ ಮೊಳೆ ಎರಕ ಹೊಯ್ದು, ಲೋಹಕ್ಕೆ ಅಂಟುವಂಥ ಎಣ್ಣೆ ಶಾಯಿ ಮಾಡಿ ಅಷ್ಟು ಚಂದದ ಬೈಬಲ್ ತಂದವನು. ಪಾಪ, ಅದರಲ್ಲಿ ಅವನ ಹೆಸರೇ ಇಲ್ಲ. ಸಾಲ ಕೊಟ್ಟ ಫುಸ್ಟ್ 1455ರಲ್ಲಿ ಅವನನ್ನು ಕೋರ್ಟಿಗೂ ಎಳೆದ. ಅವನಿಗೇ ಸಲ್ಲಬೇಕಾದದ್ದು ಬೇಕಾದಷ್ಟಿದೆ. ಬಿ ಶೆಂಗ್‌ನದನ್ನು ಕಿತ್ತು ಕೊಡುವುದೇಕೆ?

ಇನ್ನೊಂದು ವಿಷಯ, ನಗಬೇಡಿ. ಆ ಕ್ವಿಜ್ ಇನ್ನೊಂದು ಸಲ ಆಡಿದೆ. ಈ ಸಲ ಗುಟೆನ್‌ಬರ್ಗ್ ಒತ್ತಿದೆ. 20ಕ್ಕೆ 20 ಬಂತು.